ಗುರುತು ಮತ್ತು ವಿಳಾಸ: ಬ್ಯಾಂಡುಗಳು ತಮ್ಮ ಕೇಳುಗರನ್ನು ತಾವೇ ಹುಡುಕಿಕೊಂಡ ಕಥೆ

ಕಳೆದ ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಒಂದು ತಾಲ್ಲೂಕಿನಿಂದ ಐದು ಜನ ಹುಡುಗರು ನಮ್ಮನ್ನು ಹುಡುಕಿಕೊಂಡು ಬಸ್‌ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಗೆ ಬಂದರು. ಒಬ್ಬ ಡೊಳ್ಳು, ಒಬ್ಬ ಗಿಟಾರು, ಒಬ್ಬ ಕೀಬೋರ್ಡು, ಇಬ್ಬರು ಹಾಡುವವರು. ತತ್ವಪದಗಳನ್ನು ಹೊಸ ತಾಳಕ್ಕೆ ಕೂರಿಸಿ ಜಾತ್ರೆ, ಕಾಲೇಜು ಡೇ, ಮದುವೆ ಆರತಕ್ಷತೆಗಳಲ್ಲಿ ಹಾಡುತ್ತಾರೆ. ಆರು ವರ್ಷ ಕಷ್ಟಪಟ್ಟು ಬೆಳೆಸಿದ ಅವರ ಪೇಜು ಒಂದೇ ರಾತ್ರಿಯಲ್ಲಿ ಕೈತಪ್ಪಿತ್ತು. ಯಾರೋ ಲಿಂಕ್ ಕಳಿಸಿದ್ದಾರೆ, ಇವರು ಒತ್ತಿದ್ದಾರೆ, ಪಾಸ್‌ವರ್ಡ್ ಹೋಗಿದೆ. ಮರುದಿನ ಅದೇ ಪೇಜಿನಲ್ಲಿ ಯಾವುದೋ ದೇಶದ ಬೂಟುಗಳ ಜಾಹೀರಾತು ಬರುತ್ತಿತ್ತು. ಕಂಪನಿಗೆ ಎಷ್ಟು ಸಲ ಬರೆದರೂ ಉತ್ತರವಿಲ್ಲ.

"ಅಣ್ಣ, ಪೇಪರ್‌ನಲ್ಲಿ ಒಂದು ಸಣ್ಣ ಸುದ್ದಿ ಹಾಕ್ಸಿ. ಕಂಪನಿಯವರು ನೋಡಿ ವಾಪಸ್ ಕೊಡಬಹುದೇನೋ" ಅಂದ ಡೊಳ್ಳಿನ ಹುಡುಗ.

ನಾವು ಬರೆದು ಕಳಿಸಿದೆವು. ಡೆಸ್ಕ್‌ನವರು ಹಾಕಲಿಲ್ಲ, ಇದರಲ್ಲಿ ಸುದ್ದಿ ಏನಿದೆ ಎಂದರು. ಅವರ ಪ್ರಶ್ನೆ ತಪ್ಪು ಎನ್ನಲಾರೆವು. ಆದರೆ ಆ ಹುಡುಗರು ಹೇಳಿದ ಒಂದು ಮಾತು ನಮ್ಮ ತಲೆಯಲ್ಲೇ ಉಳಿಯಿತು. ಪೇಜಿಗೆ 11 ಸಾವಿರ ಫಾಲೋವರ್ಸ್ ಇದ್ದರು. ಅವರಲ್ಲಿ ಒಬ್ಬರ ಫೋನ್ ನಂಬರೂ ಇವರ ಬಳಿ ಇರಲಿಲ್ಲ.

ಅಲ್ಲಿಂದ ನಾವು ಹಿಂದಕ್ಕೆ ಓದತೊಡಗಿದೆವು. ಹಾಡುವವರು ತಮ್ಮ ಗುರುತನ್ನು ಹೇಗೆ ಮಾಡಿಕೊಂಡರು, ಕೇಳುವವರ ವಿಳಾಸವನ್ನು ಹೇಗೆ ಇಟ್ಟುಕೊಂಡರು ಎಂಬುದಕ್ಕೆ ದೊಡ್ಡ ಚರಿತ್ರೆಯೇ ಇದೆ. ಅದರ ಒಂದು ತುದಿ ನಮ್ಮ ಮೈಸೂರಿನಲ್ಲೇ ಇದೆ.

ಹೆಸರು ಹೇಳಿ ಮುಗಿಸಿದ ಹಾಡು

1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಭಾರತದ ಗಾಯಕರ ಧ್ವನಿಮುದ್ರಣ ಶುರುಮಾಡಿದ. ಅಲ್ಲಿ ಹಾಡಿದವರಲ್ಲಿ ಹೆಸರಾದವರು ಗೌಹರ್ ಜಾನ್. ಮೂರು ನಿಮಿಷದ ಹಾಡು ಮುಗಿಯುತ್ತಲೇ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಇಂದಿಗೆ ಕೇಳಿದರೆ ಅದು ಗತ್ತು ಅನ್ನಿಸುತ್ತದೆ. ಆದರೆ ಅದರ ಕಾರಣ ಬೇರೆ. ಧ್ವನಿ ಹಿಡಿದ ಮೇಣದ ತಟ್ಟೆಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್ ಕಾರ್ಖಾನೆಗೆ ಹೋಗಬೇಕಿತ್ತು. ಅಲ್ಲಿಯ ಕೆಲಸಗಾರರಿಗೆ ಹಿಂದೂಸ್ತಾನಿಯೂ ಬಾರದು, ಬಂಗಾಳಿಯೂ ಬಾರದು. ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕು ಎಂದು ತಿಳಿಯಲು ಹಾಡಿದವರೇ ಹೆಸರು ಹೇಳಬೇಕಾಗಿತ್ತು.

ಅಂದರೆ ಆ ಗುರುತು ಹುಟ್ಟಿದ್ದು ಕಾರ್ಖಾನೆಯ ಅನುಕೂಲಕ್ಕೆ. ಉಳಿದದ್ದು ಮಾತ್ರ ಕೇಳುಗರ ನೆನಪಿನಲ್ಲಿ. ಆ ಹೆಸರು, ಆ ಒಡವೆ ತೊಟ್ಟ ಚಿತ್ರ ಪೋಸ್ಟ್‌ಕಾರ್ಡಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಊರೂರು ತಿರುಗಿತು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿಗೆ ಬಂದರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ನೇಮಕಗೊಂಡು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಒಂದು ಕಾಲಕ್ಕೆ ದೇಶಕ್ಕೆಲ್ಲ ಗೊತ್ತಿದ್ದ ಮುಖಕ್ಕೆ ಕೊನೆಗೆ ಆಸರೆಯಾದದ್ದು ಒಂದು ಅರಮನೆಯ ಸಂಬಳ.

ಗ್ರಾಮಾಫೋನ್ ತಟ್ಟೆಗಳು ಮೊದಮೊದಲು ಬರೀ ಕಂದು ಕಾಗದದ ಹೊದಿಕೆಯಲ್ಲಿ ಬರುತ್ತಿದ್ದವು. ಅಮೆರಿಕದ ಕೊಲಂಬಿಯಾ ಕಂಪನಿಗೆ 1939ರಲ್ಲಿ ಸೇರಿದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಹುಡುಗ ಹೊದಿಕೆಯ ಮೇಲೆ ಚಿತ್ರ ಬರೆದರೆ ಮಾರಾಟ ಹೆಚ್ಚುತ್ತದೆ ಎಂದು ಕಂಪನಿಯನ್ನು ಒಪ್ಪಿಸಿದ. ಆಮೇಲೆ ಚಿತ್ರವಿಲ್ಲದ ರೆಕಾರ್ಡೇ ಇಲ್ಲವೆಂಬಂತಾಯಿತು. ಆದರೆ ಆ ಚಿತ್ರ ಯಾರದು? ಕಂಪನಿಯದು. ಕೇಳುಗ ಯಾರ ಗಿರಾಕಿ? ಕಂಪನಿಯ ಗಿರಾಕಿ. ಹಾಡುವವರು ನಡುವೆ ಬಂದು ಹೋಗುವವರು.

ಪೆಟ್ಟಿಗೆಯ ಮೇಲಿನ ಮಿಂಚು

ಈ ಲೆಕ್ಕವನ್ನು ತಿರುಗಿಸಿದವರಲ್ಲಿ ಒಬ್ಬರು ಕ್ಯಾಲಿಫೋರ್ನಿಯಾದ ಗ್ರೇಟ್‌ಫುಲ್ ಡೆಡ್. 1965ರಲ್ಲಿ ಶುರುವಾದ ಬ್ಯಾಂಡು. ಇವರ ಹಾಡು ರೇಡಿಯೋದಲ್ಲಿ ಮೊದಲ ಸಾಲಿಗೆ ಬಂದದ್ದು ತೀರ ಕಡಿಮೆ. ಇವರ ಬಲವೆಲ್ಲ ವೇದಿಕೆಯಲ್ಲಿ, ಊರೂರು ಸುತ್ತುವುದರಲ್ಲಿ. ನಮ್ಮ ನಾಟಕ ಕಂಪನಿಗಳ ಕ್ಯಾಂಪು ನೆನೆಸಿಕೊಳ್ಳಿ, ಸರಿಸುಮಾರು ಹಾಗೆ.

1969ರ ಹೊತ್ತಿಗೆ ಅಲ್ಲಿ ದೊಡ್ಡ ದೊಡ್ಡ ಸಂಗೀತ ಉತ್ಸವಗಳು ನಡೆಯುತ್ತಿದ್ದವು. ಹತ್ತಾರು ಬ್ಯಾಂಡುಗಳ ಆಂಪ್ಲಿಫೈಯರು, ಸ್ಪೀಕರು ಪೆಟ್ಟಿಗೆಗಳು ವೇದಿಕೆಯ ಹಿಂದೆ ಒಂದೇ ರಾಶಿ. ಎಲ್ಲವೂ ನೋಡಲು ಒಂದೇ ಥರ. ಕತ್ತಲಲ್ಲಿ ತಮ್ಮ ಪೆಟ್ಟಿಗೆ ಯಾವುದೆಂದು ಹುಡುಕುವುದೇ ಒಂದು ಕೆಲಸ. ಇವರ ಧ್ವನಿ ನೋಡಿಕೊಳ್ಳುತ್ತಿದ್ದ ಔಸ್ಲಿ ಸ್ಟಾನ್ಲಿಗೆ ಇದಕ್ಕೊಂದು ಗುರುತು ಬೇಕಿತ್ತು. ಮಳೆಯಲ್ಲಿ ಕಾರು ಓಡಿಸುವಾಗ ರಸ್ತೆಬದಿಯಲ್ಲಿ ಕಂಡ ಒಂದು ದುಂಡನೆಯ ಫಲಕ ಅವರಿಗೆ ದಾರಿ ತೋರಿಸಿತು. ದುಂಡನೆಯ ಚಿಹ್ನೆ, ಅರ್ಧ ಕೆಂಪು, ಅರ್ಧ ನೀಲಿ, ನಡುವೆ ಬಿಳಿಯ ಮಿಂಚು. ಅಚ್ಚು ಕತ್ತರಿಸಿ ಪೆಟ್ಟಿಗೆಗಳ ಮೇಲೆ ಬಣ್ಣ ಸಿಂಪಡಿಸಿದರು. ಆಮೇಲೆ ಬಾಬ್ ಥಾಮಸ್ ಎಂಬ ಕಲಾವಿದರು ಆ ಮಿಂಚನ್ನು ಒಂದು ತಲೆಬುರುಡೆಯೊಳಗೆ ಕೂರಿಸಿದರು. ಇಂದು ಪ್ರಪಂಚದಲ್ಲಿ ಯಾರ ಟೀಶರ್ಟಿನ ಮೇಲೆ ಬೇಕಾದರೂ ಅದು ಕಾಣುತ್ತದೆ. ಹುಟ್ಟಿದ್ದು ಮಾತ್ರ ಸಾಮಾನು ಕಳೆಯದಿರಲಿ ಎಂದು. ಮದುವೆ ಮನೆಗೆ ಕೊಟ್ಟ ಪಾತ್ರೆಯ ತಳದಲ್ಲಿ ನಾವು ಹೆಸರು ಕೊರೆಸುವುದಿಲ್ಲವೇ, ಹಾಗೆ.

ಅವರ ಇನ್ನೊಂದು ಚಿತ್ರ ತಲೆಗೆ ಗುಲಾಬಿ ಮುಡಿದ ಅಸ್ಥಿಪಂಜರ. ಅದನ್ನು 1966ರಲ್ಲಿ ಒಂದು ಪೋಸ್ಟರಿಗಾಗಿ ಆಲ್ಟನ್ ಕೆಲ್ಲಿ, ಸ್ಟಾನ್ಲಿ ಮೌಸ್ ಎಂಬ ಇಬ್ಬರು ಹಳೆಯ ಪುಸ್ತಕದಿಂದ ಎತ್ತಿಕೊಂಡಿದ್ದರು. ಆ ಪುಸ್ತಕ ಉಮರ್ ಖಯ್ಯಾಮನ ರುಬಾಯಿಗಳ ಇಂಗ್ಲಿಷ್ ಅನುವಾದ, ಚಿತ್ರ ಎಡ್ಮಂಡ್ ಸಲ್ಲಿವನ್ ಅವರದು. ಡಿವಿಜಿಯವರು 'ಉಮರನ ಒಸಗೆ' ಎಂದು ಕನ್ನಡಕ್ಕೆ ತಂದರಲ್ಲ, ಅದೇ ರುಬಾಯಿ. ಒಂದೇ ಪದ್ಯದ ಬಳ್ಳಿ ಬೆಂಗಳೂರಿನಲ್ಲಿ ಒಂದು ಹೂವು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇನ್ನೊಂದು ಹೂವು ಬಿಟ್ಟಿತು.

ಆದರೆ ನಮಗೆ ಮುಖ್ಯವೆನಿಸಿದ್ದು ಚಿತ್ರವಲ್ಲ, ಚಿತ್ರದ ಒಳಗಿದ್ದ ಚೀಟಿ. ಅದೇ ಗುಲಾಬಿ ಬುರುಡೆಯ ಮುಖಪುಟದೊಂದಿಗೆ 1971ರಲ್ಲಿ ಬಂದ ಆಲ್ಬಮ್ಮಿನ ಒಳಗೆ ಅಭಿಮಾನಿಗಳಿಗೆ ಒಂದು ಪುಟ್ಟ ಕೋರಿಕೆ ಅಚ್ಚಾಗಿತ್ತು. ನೀವು ಯಾರು, ಎಲ್ಲಿದ್ದೀರಿ, ಹೇಗಿದ್ದೀರಿ, ನಿಮ್ಮ ಹೆಸರು ವಿಳಾಸ ಬರೆದು ಕಳಿಸಿ, ನಿಮಗೆ ವಿಷಯ ತಿಳಿಸುತ್ತಿರುತ್ತೇವೆ ಎಂಬುದು ಅದರ ಸಾರಾಂಶ. ಸಾವಿರಾರು ಜನ ಬರೆದರು. ಬ್ಯಾಂಡು ಅವರಿಗೆ ತನ್ನದೇ ಸುದ್ದಿಪತ್ರ ಕಳಿಸತೊಡಗಿತು. 1983ರಿಂದ ಟಿಕೆಟ್‌ಗಳನ್ನೂ ತಾನೇ ಅಂಚೆಯಲ್ಲಿ ಮಾರಿತು. 1984ರಲ್ಲಿ ಕಛೇರಿ ರೆಕಾರ್ಡ್ ಮಾಡಿಕೊಳ್ಳುವವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗ ಬಿಟ್ಟಿತು. ಬೇರೆ ಬ್ಯಾಂಡುಗಳು ಟೇಪ್ ರೆಕಾರ್ಡರ್ ಕಸಿದುಕೊಳ್ಳುತ್ತಿದ್ದ ಕಾಲದಲ್ಲಿ ಇವರು ಬನ್ನಿ, ಮೈಕು ನಿಲ್ಲಿಸಿ ಎಂದರು. ಆ ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಹೋದವು, ಕೇಳಿದವರು ಟಿಕೆಟ್ ಕೊಂಡು ಬಂದರು.

ಇಂಟರ್‌ನೆಟ್ ಬರುವ ಮೊದಲೇ ನಡೆದ ಕಥೆಯಿದು. ಮುಂದೆ ಕಂಪ್ಯೂಟರಿನಲ್ಲಿ ಕೂತು ಮಾತಾಡುವ ಕೂಟಗಳು ಶುರುವಾದಾಗ ಮೊದಲು ನುಗ್ಗಿದವರಲ್ಲಿ ಈ ಬ್ಯಾಂಡಿನ ಅಭಿಮಾನಿಗಳೂ ಇದ್ದದ್ದು ಆಶ್ಚರ್ಯವಲ್ಲ.

ಇದರ ಪಕ್ಕಕ್ಕೆ ಇನ್ನೊಂದು ಗುರುತು ಇಟ್ಟು ನೋಡಿ. ಲಂಡನ್ನಿನ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಕೆಂಪು ತುಟಿ, ಚಾಚಿದ ನಾಲಗೆ. 1970ರಲ್ಲಿ ಅದನ್ನು ಬರೆದದ್ದು ಜಾನ್ ಪಾಶ್ ಎಂಬ ಕಲಾಶಾಲೆ ವಿದ್ಯಾರ್ಥಿ. ಗಾಯಕ ಮಿಕ್ ಜಾಗರ್ ತೋರಿಸಿದ ಚಿತ್ರ ನಮ್ಮ ಕಾಳಿಕಾದೇವಿಯದು. ಮೊದಲು ಸಿಕ್ಕ ಸಂಭಾವನೆ 50 ಪೌಂಡ್. 2008ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಆ ಮೂಲಚಿತ್ರವನ್ನು ಕೊಂಡದ್ದು ಸುಮಾರು 50 ಸಾವಿರ ಪೌಂಡಿಗೆ. ಲೋಗೊ ಮಾಡಿಕೊಟ್ಟ ಊರಿನ ಆರ್ಟಿಸ್ಟಿಗೆ ಟೀ ಕುಡಿಸಿ ಕಳಿಸುವ ನಮ್ಮ ಬ್ಯಾಂಡಿನ ಗೆಳೆಯರು ಈ ಲೆಕ್ಕವನ್ನೂ ನೆನಪಿಡಲಿ.

ಆಲ್ಬಮ್ಮಿಗೆ ವಿಳಾಸವೇ ಹೆಸರು

ಇಂಟರ್‌ನೆಟ್ಟಿನಲ್ಲಿ ಸ್ವತಂತ್ರ ಸಂಗೀತದ ಮೊದಲ ದೊಡ್ಡ ಅಂಗಡಿ 1993ರಲ್ಲಿ ತೆರೆಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕ್ಯಾಂಪಸ್ಸಿನ ಹುಡುಗರು ಮಾಡಿದ ಐಯುಎಂಎ, ಅಂದರೆ ಇಂಟರ್‌ನೆಟ್ ಅಂಡರ್‌ಗ್ರೌಂಡ್ ಮ್ಯೂಸಿಕ್ ಆರ್ಕೈವ್. ಹೆಸರಿಲ್ಲದ ಬ್ಯಾಂಡುಗಳಿಗೂ ಅಲ್ಲಿ ಒಂದು ಪುಟ, ಒಂದು ಫೋಟೊ, ಒಂದಿಷ್ಟು ಹಾಡು. ಇವತ್ತಿನ ಪೇಜುಗಳ ಅಜ್ಜ ಅದು.

ಆದರೆ ಈ ಚರಿತ್ರೆಯಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಇಂಗ್ಲೆಂಡಿನ ಮ್ಯಾರಿಲಿಯನ್. 1985ರಲ್ಲಿ ಇವರ ಒಂದು ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತ್ತು. ಆಗ ಇವರ ರೆಕಾರ್ಡುಗಳ ಮೇಲೆ ಮಾರ್ಕ್ ವಿಲ್ಕಿನ್‌ಸನ್ ಬರೆದ ವಿದೂಷಕನ ಚಿತ್ರ, ಅದೇ ಬ್ಯಾಂಡಿನ ಗುರುತು. 1988ರಲ್ಲಿ ಮುಖ್ಯ ಗಾಯಕ ಬಿಟ್ಟುಹೋದರು. 1995ರ ಹೊತ್ತಿಗೆ ದೊಡ್ಡ ಕಂಪನಿಯೂ ಕೈಬಿಟ್ಟಿತು. ಪತ್ರಿಕೆಗಳು ಇವರನ್ನು ಮುಗಿದ ಅಧ್ಯಾಯ ಎಂದು ಮರೆತವು.

1997ರಲ್ಲಿ ಅಮೆರಿಕದ ಅಭಿಮಾನಿಗಳು ಯಾವಾಗ ಬರುತ್ತೀರಿ ಎಂದು ಕೇಳುತ್ತಿದ್ದರು. ಕೀಬೋರ್ಡ್ ನುಡಿಸುವ ಮಾರ್ಕ್ ಕೆಲ್ಲಿ ಅಭಿಮಾನಿಗಳ ಇಮೇಲ್ ಕೂಟದಲ್ಲಿ ನಿಜ ಹೇಳಿದರು: ಬಂದರೆ ಸುಮಾರು 60 ಸಾವಿರ ಡಾಲರ್ ನಷ್ಟ, ಕೈಯಲ್ಲಿ ಅಷ್ಟಿಲ್ಲ. ಅಭಿಮಾನಿಗಳು ತಮ್ಮತಮ್ಮಲ್ಲೇ ಬ್ಯಾಂಕ್ ಖಾತೆ ತೆರೆದು, ಚಂದಾ ಎತ್ತಿ, ಅಷ್ಟೂ ಹಣ ಕೂಡಿಸಿದರು. ಬ್ಯಾಂಡು ಹೋಗಿ ಹಾಡಿ ಬಂತು. ಊರ ಹಬ್ಬಕ್ಕೆ ಮನೆಮನೆ ಪಟ್ಟಿ ಎತ್ತಿ ಬಯಲಾಟದ ಮೇಳ ಕರೆಸುವುದು ನಮಗೆ ಹೊಸದಲ್ಲ. ಇಲ್ಲಿ ಪಟ್ಟಿ ಎತ್ತಿದವರು ಒಬ್ಬರ ಮುಖ ಒಬ್ಬರು ಕಂಡವರಲ್ಲ, ಅಷ್ಟೇ ವ್ಯತ್ಯಾಸ.

ಇದರಿಂದ ಬ್ಯಾಂಡು ಪಾಠ ಕಲಿಯಿತು. 1999ರಲ್ಲಿ ಬಂದ ಆಲ್ಬಮ್ಮಿಗೆ ಅವರು ಇಟ್ಟ ಹೆಸರೇ 'ಮ್ಯಾರಿಲಿಯನ್ ಡಾಟ್ ಕಾಮ್'. ಮುಖಪುಟ ನೋಡಿದರೆ ಸಾಕು, ಮನೆ ಎಲ್ಲಿದೆ ಗೊತ್ತಾಗುತ್ತದೆ. ವಿಳಾಸ ಬರೆದು ಕಳಿಸಿದವರಿಗೆ ಪುಕ್ಕಟೆ ಸಿಡಿ ಕಳಿಸುವ ಪದ್ಧತಿಯನ್ನೂ ಇಟ್ಟುಕೊಂಡರು. ಹೀಗೆ ಕೂಡಿಸಿದ ವಿಳಾಸಗಳ ಪಟ್ಟಿಗೆ ಒಂದು ಪ್ರಶ್ನೆ ಹೋಯಿತು: ಇನ್ನೂ ಬರೆಯದ ಹಾಡುಗಳಿಗೆ ಮುಂಗಡ ಕೊಡುತ್ತೀರಾ? 12 ಸಾವಿರಕ್ಕೂ ಹೆಚ್ಚು ಜನ ಕೊಟ್ಟರು. ಆ ಹಣದಲ್ಲಿ ಮಾಡಿದ ಆಲ್ಬಮ್ 2001ರಲ್ಲಿ ಬಂತು. ಮುಂದಿನದು 2004ರಲ್ಲಿ. ಅದರ ವಿಶೇಷ ಪ್ರತಿಯಲ್ಲಿ ಮುಂಗಡ ಕೊಟ್ಟವರ ಹೆಸರುಗಳು ಪುಟಗಟ್ಟಲೆ ಅಚ್ಚಾದವು, ದೇವಸ್ಥಾನದ ಗೋಡೆಯ ಮೇಲಿನ ದಾನಿಗಳ ಹೆಸರಿನ ಹಾಗೆ. ಆ ವರ್ಷ ಇವರ ಹಾಡು ಮತ್ತೆ ಬ್ರಿಟನ್ನಿನ ಪಟ್ಟಿಯಲ್ಲಿ 7ನೇ ಸ್ಥಾನಕ್ಕೆ ಬಂತು.

ಕಿಕ್‌ಸ್ಟಾರ್ಟರ್ ಎಂಬ ಹಣ ಕೂಡಿಸುವ ತಾಣ ಹುಟ್ಟಿದ್ದೇ 2009ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲು ಈ ಕೆಲಸ ಆಗಿತ್ತು ಎಂಬುದನ್ನು ಗಮನಿಸಿ.

ಇದೇ ದಾರಿಯಲ್ಲಿ ದೊಡ್ಡ ಸದ್ದು ಮಾಡಿದ್ದು ರೇಡಿಯೋಹೆಡ್. 2007ರ ಅಕ್ಟೋಬರ್ 1ರಂದು ತಮ್ಮ ತಾಣದಲ್ಲಿ ನಾಲ್ಕು ಸಾಲು ಬರೆದು, 10ರಂದು 'ಇನ್ ರೇನ್‌ಬೋಸ್' ಆಲ್ಬಮ್ ಬಿಟ್ಟರು. ಬೆಲೆಯ ಜಾಗ ಖಾಲಿ, ಕೇಳುಗ ಬರೆದಷ್ಟು. ಬೇಕಾದವರಿಗೆ 40 ಪೌಂಡಿನ ಒಂದು ಪೆಟ್ಟಿಗೆ, ಅದರಲ್ಲಿ ಸ್ಟಾನ್ಲಿ ಡಾನ್‌ವುಡ್ ಅವರ ಚಿತ್ರಗಳು. ಈ ಕಲಾವಿದ ತೊಂಬತ್ತರ ದಶಕದ ನಡುವಿನಿಂದಲೂ ಅವರ ಹೊದಿಕೆಗಳನ್ನು ಮಾಡುತ್ತ ಬಂದವರು. ಪುಕ್ಕಟೆ ಸಿಗುತ್ತಿದ್ದ ಹಾಡು ಆಮೇಲೆ ಸಿಡಿಯಾಗಿ ಅಂಗಡಿಗೆ ಬಂದಾಗಲೂ ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೆ ಹೋಯಿತು. ಆದರೆ ಇದನ್ನು ತೋರಿಸಿ "ನೋಡ್ರಪ್ಪ, ಕಂಪನಿಯೇ ಬೇಡ" ಎನ್ನುವವರ ಮಾತು ಅರ್ಧ ಸತ್ಯ. ರೇಡಿಯೋಹೆಡ್‌ಗೆ ಜಗತ್ತಿನ ತುಂಬ ಕೇಳುಗರು ಸಿಕ್ಕಿದ್ದು ಅದಕ್ಕೂ ಮೊದಲು, ಒಂದು ದೊಡ್ಡ ಕಂಪನಿಯ ದುಡ್ಡು, ಪ್ರಚಾರದ ಬಲದಲ್ಲಿ. ನಮ್ಮ ಟೀ ಅಂಗಡಿಯ ಹುಡುಗರಿಗೆ ಹೋಲಿಕೆಯಾಗುವುದು ಮ್ಯಾರಿಲಿಯನ್ನಿನ ಪಟ್ಟಿ.

ನಮ್ಮ ಕಡೆಯ ಗುರುತುಗಳು

ನಮ್ಮಲ್ಲಿ ಹಾಡಿನ ಗುರುತು ಬಹಳ ಕಾಲ ಕವಿಯ ಹೆಸರು. 1978ರಲ್ಲಿ ನಿಸಾರ್ ಅಹಮದ್ ಅವರ ಗೀತೆಗಳ 'ನಿತ್ಯೋತ್ಸವ' ಕ್ಯಾಸೆಟ್ಟು ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಬಂದಾಗ ಸಿನಿಮಾದ ಹೊರಗೂ ಕನ್ನಡ ಹಾಡಿಗೆ ಮಾರುಕಟ್ಟೆ ಇದೆ ಎಂದು ತಿಳಿಯಿತು. ಕ್ಯಾಸೆಟ್ ಕಾಲ ನಡೆದದ್ದು ಕಂಪನಿಗಳ ಹೆಸರಿನಲ್ಲೇ.

2010ರಲ್ಲಿ ದೆಹಲಿಯ ಇಂಡಿಯನ್ ಓಷನ್ ಬೇರೆ ದಾರಿ ಹಿಡಿಯಿತು. ಹಿಂದಿನ ಡಿಸೆಂಬರ್‌ನಲ್ಲಿ ತಬಲ ನುಡಿಸಿ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ ತೀರಿಕೊಂಡಿದ್ದರು. ಅವರ ಧ್ವನಿಯಿದ್ದ ಏಳು ಹಾಡುಗಳನ್ನು ತಿಂಗಳಿಗೊಂದರಂತೆ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟರು. ಆಲ್ಬಮ್ಮಿನ ಹೆಸರು '16/330 ಖಜೂರ್ ರೋಡ್'. ಕರೋಲ್ ಬಾಗಿನಲ್ಲಿ ಅವರು ವರ್ಷಗಟ್ಟಲೆ ತಾಲೀಮು ಮಾಡಿದ ಹಳೆಯ ಮನೆಯ ವಿಳಾಸ ಅದು. ಇಂಗ್ಲೆಂಡಿನವರು ಇಟ್ಟದ್ದು ತಾಣದ ವಿಳಾಸ, ದೆಹಲಿಯವರು ಇಟ್ಟದ್ದು ಮನೆಯ ವಿಳಾಸ.

ಕನ್ನಡದ ಮಟ್ಟಿಗೆ ಗುರುತಿನ ಪಾಠಕ್ಕೆ ರಘು ದೀಕ್ಷಿತ್ ಸಾಕು. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಮೈಕ್ರೋಬಯಾಲಜಿ ಓದಿದವರು. 2005ರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ಕಟ್ಟಿದರು, 2008ರಲ್ಲಿ ಮೊದಲ ಆಲ್ಬಮ್. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಬಾಯಲ್ಲಿ ಶಿಶುನಾಳ ಶರೀಫರ ಪದ. ಬ್ರಿಟನ್ನಿನ ಟಿವಿಯಲ್ಲಿ 2010ರಲ್ಲಿ ಕಂಡವರಿಗೆ ಕನ್ನಡ ಅರ್ಥವಾಗದಿದ್ದರೂ ಲುಂಗಿ ಮರೆಯಲಿಲ್ಲ. ನಮ್ಮ ಅಪ್ಪಂದಿರು ಹೊಲಕ್ಕೆ ಉಟ್ಟುಕೊಂಡು ಹೋಗುವ ಬಟ್ಟೆಯೇ ಗುರುತಾಯಿತು. ಅದಕ್ಕೆ ಡಿಸೈನರ್ ಬೇಕಾಗಲಿಲ್ಲ.

ಅಳಿಸಿಹೋದ ಅಂಗಡಿಗಳು

ಇನ್ನು ಕಹಿ ಭಾಗ. ಎಂಪಿ3 ಡಾಟ್ ಕಾಮ್ ಎಂಬ ತಾಣದಲ್ಲಿ ಸಾವಿರಾರು ಸಣ್ಣ ಬ್ಯಾಂಡುಗಳು ಹಾಡು ಇಟ್ಟಿದ್ದವು. ಕೈ ಬದಲಾಗಿ 2003ರ ಕೊನೆಗೆ ಆ ಸಂಗ್ರಹವೆಲ್ಲ ಅಳಿಸಿಹೋಯಿತು. ಐಯುಎಂಎ 2006ರಲ್ಲಿ ಮುಚ್ಚಿತು. ಅದರ ಬಹುಭಾಗವನ್ನು ಕೆಲವರು ಹಠ ಹಿಡಿದು ಉಳಿಸಿದ್ದರಿಂದ ಈಗ ಇಂಟರ್‌ನೆಟ್ ಆರ್ಕೈವ್‌ನಲ್ಲಿದೆ. 2003ರಲ್ಲಿ ಶುರುವಾದ ಮೈಸ್ಪೇಸ್ ಒಂದು ಕಾಲಕ್ಕೆ ಬ್ಯಾಂಡುಗಳ ಕಾಶಿ. ಸರ್ವರ್ ಬದಲಿಸುವಾಗ 2015ಕ್ಕೆ ಮುಂಚಿನ 12 ವರ್ಷದ ಕಡತಗಳು ಹೋದವು ಎಂದು 2019ರಲ್ಲಿ ಒಪ್ಪಿಕೊಂಡಿತು. 5 ಕೋಟಿಗೂ ಹೆಚ್ಚು ಹಾಡುಗಳು ಎಂದು ಅಂದಾಜು. ಎಷ್ಟೋ ಹುಡುಗರಿಗೆ ಅದೊಂದೇ ಪ್ರತಿ.

ಉಳಿದಿರುವ ಅಂಗಡಿಗಳ ಲೆಕ್ಕವೂ ಸಣ್ಣವರ ಪರ ಇಲ್ಲ. ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರಲ್ಲಿ. 2024ರಿಂದ ಅದರ ನಿಯಮದಂತೆ ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಗೌರವಧನವೇ ಇಲ್ಲ. 2008ರ ಬ್ಯಾಂಡ್‌ಕ್ಯಾಂಪ್ ಇದ್ದುದರಲ್ಲಿ ವಾಸಿ: ಹಾಡು ಮಾರಿದರೆ ಶೇಕಡ 15 ಮುರಿದುಕೊಂಡು, ಕೊಂಡವರ ಇಮೇಲ್ ವಿಳಾಸವನ್ನು ಬ್ಯಾಂಡಿಗೆ ಕೊಡುತ್ತದೆ. ಆ ಕಂಪನಿಯೂ 2022ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಮಾರಾಟವಾಗಿದೆ. ಅಂಗಡಿ ಇಂದು ಇದ್ದಂತೆ ನಾಳೆ ಇರುವುದಿಲ್ಲ.

ಹಾಗಂತ ಪೇಜೇ ಬೇಡ ಎನ್ನುವಂತಿಲ್ಲ. ಕಂಪನಿಯ ಬಾಗಿಲು ಕಾಯದೆ ಹಳ್ಳಿಯ ಹಾಡೊಂದು ದುಬೈನಲ್ಲಿರುವ ಊರಿನವನ ಕಿವಿಗೆ ಬೀಳುವುದು ಇದೇ ಪೇಜುಗಳಿಂದ. ಪೇಜು ಸಂತೆಯಿದ್ದಂತೆ. ಸಂತೆಗೆ ಹೋಗಬೇಕು, ವ್ಯಾಪಾರ ಮಾಡಬೇಕು. ಆದರೆ ಸಂತೆಯಲ್ಲೇ ಮನೆ ಕಟ್ಟಿಕೊಂಡರೆ ಸಂತೆ ಎದ್ದ ದಿನ ಬೀದಿಗೆ ಬೀಳುತ್ತೇವೆ.

ಮತ್ತೆ ಟೀ ಅಂಗಡಿ

ಇದನ್ನೆಲ್ಲ ಆ ಹುಡುಗರಿಗೆ ಹೇಳಿದೆವು. ಅವರು ಪೂರ್ತಿ ಕೇಳಲಿಲ್ಲ, ಮಿಂಚಿನ ಪೆಟ್ಟಿಗೆಯ ಕಥೆ ಮಾತ್ರ ಚೆನ್ನಾಗಿ ಕೇಳಿದರು. ಅವರಿಗೂ ಅದೇ ತಾಪತ್ರಯ, ಶಾಮಿಯಾನದವರ ಸ್ಪೀಕರ್ ಜೊತೆ ಇವರದೂ ಸೇರಿಹೋಗುತ್ತದೆ. ಊರಿನಲ್ಲಿ ಬೋರ್ಡ್ ಬರೆಯುವ ಹಿರಿಯರೊಬ್ಬರ ಬಳಿ ಹೋಗಿ, ಡೊಳ್ಳಿನ ಎರಡು ಮುಖ, ನಡುವೆ ಒಂದು ಏಕತಾರಿ, ಇಷ್ಟೇ ಇರುವ ಅಚ್ಚು ಕತ್ತರಿಸಿಕೊಂಡು ಬಂದರು. ಫ್ಲೆಕ್ಸ್ ಬಂದಮೇಲೆ ಕೆಲಸ ಕಡಿಮೆಯಾಗಿದ್ದ ಆ ಹಿರಿಯರಿಗೆ ಕೇಳಿದಷ್ಟು ದುಡ್ಡು ಕೊಟ್ಟರು. ಪೆಟ್ಟಿಗೆಗೆ, ಡೊಳ್ಳಿನ ಚೀಲಕ್ಕೆ, ಹೊಸ ಪೇಜಿಗೆ ಅದೇ ಚಿತ್ರ.

ಜೊತೆಗೆ 100 ಪುಟದ ಒಂದು ನೋಟ್‌ಬುಕ್. ಕಾರ್ಯಕ್ರಮ ಮುಗಿದಮೇಲೆ ವೇದಿಕೆ ಪಕ್ಕ ಮೇಜು ಹಾಕಿ ಕೂರುತ್ತಾರೆ. ಹೆಸರು, ಊರು, ಫೋನ್ ನಂಬರ್, ಇಷ್ಟವಿದ್ದವರು ಬರೆಯಬಹುದು. ಮೊದಲ ಜಾತ್ರೆಯಲ್ಲಿ ಸಿಕ್ಕಿದ್ದು 43 ಹೆಸರು. ಡೊಳ್ಳಿನ ಹುಡುಗನಿಗೆ ಬೇಜಾರು: "11 ಸಾವಿರ ಎಲ್ಲಿ, 43 ಎಲ್ಲಿ ಅಣ್ಣ?" ನಮಗೆ ಉತ್ತರ ಹೊಳೆಯಲಿಲ್ಲ. ಎರಡು ತಿಂಗಳ ಮೇಲೆ ಅವನೇ ಫೋನ್ ಮಾಡಿದ. ಆ 43ರಲ್ಲಿ ಒಬ್ಬರು ಮಗಳ ಮದುವೆಗೆ ಕರೆದಿದ್ದರು, ಮುಂಗಡವನ್ನೂ ಕಳಿಸಿದ್ದರು. ಹಳೆಯ ಪೇಜು ಇನ್ನೂ ಬೂಟು ಮಾರುತ್ತಿದೆ.

ಕೊನೆಗೆ ನಮ್ಮದೂ ಒಂದು ಮಾತು. ಜಿಲ್ಲೆಯಿಂದ ಹತ್ತು ವರ್ಷ ಸುದ್ದಿ ಕಳಿಸಿದವರು ನಾವು. ನಾವು ಬರೆಯುತ್ತಿದ್ದ ಪತ್ರಿಕೆಯೊಂದು ತಾಣವನ್ನು ಹೊಸದು ಮಾಡಿದಾಗ ಹಳೆಯ ಕೊಂಡಿಗಳೆಲ್ಲ ಸತ್ತವು. ಬರ, ಜಾತ್ರೆ, ಮುಳುಗಿದ ಸೇತುವೆ, ಮುಚ್ಚಿದ ಶಾಲೆ, ಯಾವುದಕ್ಕೂ ನಮ್ಮ ಬಳಿ ಪ್ರತಿ ಇರಲಿಲ್ಲ. ಬೈಲೈನ್ ಅಂತೂ ಮೊದಲೇ ಇರಲಿಲ್ಲ. ಬ್ಯಾಂಡಿನ ಹುಡುಗರಿಗೆ ಬುದ್ಧಿ ಹೇಳಿದ ರಾತ್ರಿ ಮನೆಗೆ ಬಂದು ಅಟ್ಟದ ಮೇಲಿದ್ದ ಹಳೆಯ ಪೇಪರ್ ಕಟ್ಟು ಇಳಿಸಿದೆವು. ಇಲಿ ಬಿಟ್ಟದ್ದನ್ನು ಕತ್ತರಿಸಿ ಅಂಟಿಸುತ್ತಿದ್ದೇವೆ, ಈಗ 2016ರವರೆಗೆ ಬಂದಿದ್ದೇವೆ.